ಮೊದಲ ಏಕವ್ಯಕ್ತಿ ಕಲಾ ಪ್ರದರ್ಶನ: ಹಾಲ್ ಬುಕ್ ಮಾಡುವ ಮೊದಲು ಅಂಟು ಒಣಗಲಿ

ಪ್ರದರ್ಶನದ ಎರಡನೇ ದಿನ ಸಂಜೆ ನನಗೆ ಫೋನ್ ಬರುತ್ತದೆ. "ಸರ್, ಚಿತ್ರದ ಮ್ಯಾಲಿನ ಕೀಲಿ ಕೆಳಗ ಬಿದ್ದಾವ್ರಿ, ಏನ್ ಹಚ್ಚಲಿ?" ಹುಡುಗರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬರ ಬೋರ್ಡು ಹಪ್ಪಳದಂತೆ ಬಾಗಿರುತ್ತದೆ. ಇನ್ನೊಬ್ಬರ ಹತ್ತಿರ ಕೆಲಸಗಳು, ಅಂದರೆ ಮುಗಿದ ಕಲಾಕೃತಿಗಳು, ನಲವತ್ತಿದ್ದರೆ ಗೋಡೆ ಇರುವುದು ಹದಿನೈದಕ್ಕೆ. ಮತ್ತೊಬ್ಬರ ಪ್ರದರ್ಶನಕ್ಕೆ ಬಂದವರು ಎಲ್ಲ ನೋಡಿ, "ಛಲೋ ಐತಿ, ಆದ್ರ ಏನಂತ ತಿಳೀಲಿಲ್ಲ" ಎಂದು ಹೋಗಿರುತ್ತಾರೆ.

ಮಿಕ್ಸ್‌ಡ್ ಮೀಡಿಯಾದಲ್ಲಿ, ಅಂದರೆ ಬಣ್ಣದ ಜೊತೆ ಕಾಗದ, ಬಟ್ಟೆ, ಕೀಲಿ, ಮಣ್ಣು ಎಲ್ಲ ಸೇರಿಸಿ, ತಮ್ಮ ಬದುಕಿನ ಬಗ್ಗೆಯೇ ಕೆಲಸ ಮಾಡುವವರು ಮತ್ತೆ ಮತ್ತೆ ಎಡವುವುದು ಚಿತ್ರ ಬಿಡಿಸುವುದರಲ್ಲಲ್ಲ, ಕ್ರಮದಲ್ಲಿ. ಮೊದಲು ಹಾಲ್, ಆಮೇಲೆ ಆಮಂತ್ರಣ ಪತ್ರಿಕೆ, ಕೊನೆಗೆ ಕೆಲಸ. ಇದನ್ನು ತಿರುಗಿಸಬೇಕು. ನಮ್ಮ ಹುಬ್ಬಳ್ಳಿ-ಧಾರವಾಡದ ಹವೆಗೆ ಸರಿಯಾಗುವ ಲೆಕ್ಕ ಹೀಗಿದೆ: ಜನವರಿ, ಫೆಬ್ರುವರಿಯಲ್ಲಿ ಸಾಮಾನು ಕೂಡಿಸಿ. ಮಾರ್ಚ್‌ನಿಂದ ಮೇವರೆಗಿನ ಒಣ ಬಿಸಿಲಿನಲ್ಲಿ ಅಂಟಿಸಿ, ಹೊಲಿಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಸದೇನೂ ಅಂಟಿಸದೆ ಕೆಲಸವನ್ನು ಮಳೆಗಾಲಕ್ಕೆ ಒಪ್ಪಿಸಿ, ಆ ಹೊತ್ತಿನಲ್ಲಿ ಹಾಲ್ ನೋಡಿ. ಅಕ್ಟೋಬರ್‌ನಲ್ಲಿ ರಿಪೇರಿ, ನವೆಂಬರ್‌ನಲ್ಲಿ ಫ್ರೇಮ್. ಡಿಸೆಂಬರ್ ಅಥವಾ ಜನವರಿಯಲ್ಲಿ ಪ್ರದರ್ಶನ.

ಒಂದು ವರ್ಷ ಜಾಸ್ತಿ ಆಯಿತು ಅನ್ನಿಸಬಹುದು. ಮೂರು ತಿಂಗಳಲ್ಲಿ ಮುಗಿಸಿದವರ ಫೋನೇ ನನಗೆ ಬರುವುದು.

## 1. ಒಂದೇ ಪ್ರಶ್ನೆ ಇಟ್ಟುಕೊಳ್ಳಿ

"ನನ್ನ ಬದುಕು" ಎನ್ನುವುದು ವಿಷಯವಲ್ಲ, ಗೋದಾಮು. ಅದರಿಂದ ಒಂದು ಪ್ರಶ್ನೆ ಹೊರಗೆ ತೆಗೆಯಬೇಕು. ಅದಕ್ಕೆ ಉತ್ತರ ನಿಮಗೇ ಪೂರ್ತಿ ಗೊತ್ತಿರಬಾರದು.

ನವಲಗುಂದದ ಕಡೆಯ ಒಬ್ಬ ಹುಡುಗಿ "ನಾನು ಬೆಳೆದ ಬಗೆ" ಎಂದು ಶುರು ಮಾಡಿದ್ದಳು. ನಾಲ್ಕು ತಿಂಗಳು ಏನೂ ಆಗಲಿಲ್ಲ. ಒಂದು ದಿನ ಮಾತಿಗೆ ಮಾತು ಬಂದು, ಮನೆಯಲ್ಲಿ ಕರೆಯುವ ಹೆಸರು ಒಂದು, ಶಾಲೆಯ ದಾಖಲೆಯಲ್ಲಿ ಇನ್ನೊಂದು, ಮದುವೆಯ ನಂತರ ಅಡ್ಡಹೆಸರು ಬೇರೆ ಎಂದಳು. "ಹಂಗಾರ ಈ ಮೂರೂ ಹೆಸರು ಒಬ್ಬಾಕೀದ ಏನು?" ಎಂದು ಕೇಳಿದೆ. ಅವಳಿಗೆ ಪ್ರಶ್ನೆ ಸಿಕ್ಕಿತು. ಆಮೇಲೆ ಹದಿಮೂರು ಕೆಲಸ ಮಾಡಿದಳು. ಹದಿಮೂರರಲ್ಲೂ ಅವಳ ಮುಖ ಇರಲಿಲ್ಲ.

ಪ್ರಶ್ನೆಯನ್ನು ಹನ್ನೆರಡು ಶಬ್ದದೊಳಗೆ ಬರೆದು ಗೋಡೆಗೆ ಹಚ್ಚಿ. ಬರೆಯಲು ಆಗುತ್ತಿಲ್ಲ ಎಂದರೆ ಇನ್ನೂ ಅಂಟು ಕೈಗೆತ್ತಿಕೊಳ್ಳಬೇಡಿ.

ಎಚ್ಚರಿಕೆಯ ಗುರುತು: ಸ್ಕೆಚ್ ಪುಸ್ತಕದಲ್ಲಿ ಒಡೆದ ಕನ್ನಡಿ, ಚಿಟ್ಟೆ, ಮೊಳಕೆ ಬರುತ್ತಿದ್ದರೆ ನೀವು ಬೇರೆಯವರ ಬೆಳವಣಿಗೆಯನ್ನು ಚಿತ್ರಿಸುತ್ತಿದ್ದೀರಿ. ಈ ಮೂರಕ್ಕೂ ಒಂದು ವರ್ಷ ರಜೆ ಕೊಡಿ. ಬಾಗಿಲ ಚೌಕಟ್ಟಿನ ಮೇಲೆ ನಿಮ್ಮ ಎತ್ತರ ಗುರುತಿಸಿದ ಪೆನ್ಸಿಲ್ ಗೆರೆ ಇರುತ್ತದಲ್ಲ, ಅದು ಚಿಟ್ಟೆಗಿಂತ ಜಾಸ್ತಿ ಹೇಳುತ್ತದೆ.

## 2. ಸಾಮಾನು ಕೂಡಿಸಿ, ಅರ್ಧ ವಾಪಸ್ ಇಡಿ

ಟ್ರಂಕು, ಅಟ್ಟ, ದೇವರ ಮನೆಯ ಕಪಾಟು, ಎಲ್ಲ ಹುಡುಕಿ. ಹಳೆ ಖಣದ ಕುಪ್ಪಸ, ಕೌದಿಯ ತುಂಡು, ಹೊಲದ ಉತಾರ (ಪಹಣಿ), ಬಸ್ ಪಾಸು, ಕೀಲಿ, ಗುಂಡಿ, ಯೂನಿಫಾರ್ಮಿನ ಕಿಸೆ. ಪ್ರತಿಯೊಂದನ್ನೂ ಕೈಯಲ್ಲಿ ಹಿಡಿದು ಗೋಡೆಯ ಪ್ರಶ್ನೆ ನೋಡಿ. ಸಂಬಂಧ ಹೊಳೆಯದಿದ್ದರೆ, ಎಷ್ಟೇ ಚಂದ ಇದ್ದರೂ ಟ್ರಂಕಿಗೆ ವಾಪಸ್.

ಇಲ್ಲಿ ಮೂರು ವಿಷಯಕ್ಕೆ ಹುಷಾರಾಗಿರಬೇಕು.

ಮೊದಲನೆಯದು, ಮೂಲ ದಾಖಲೆ. ಅಜ್ಜನ ಒಂದೇ ಒಂದು ಫೋಟೊ, ಮಾರ್ಕ್ಸ್ ಕಾರ್ಡು, ಹಳೆ ಪತ್ರ, ಇವುಗಳ ಮೇಲೆ ಹನಿ ಅಂಟೂ ಬೀಳಬಾರದು. ನಕಲು ಮಾಡಿಸಿ. ನಕಲು ಲೇಸರ್ ಪ್ರಿಂಟ್ ಆಗಿರಬೇಕು. ಇಂಕ್‌ಜೆಟ್ ಪ್ರಿಂಟ್ ಸಾಮಾನ್ಯವಾಗಿ ಅಂಟಿನ ನೀರು ತಾಗಿದ ಕೂಡಲೇ ಹರಡುತ್ತದೆ. ಮೂಲೆಗೆ ಒದ್ದೆ ಬೆರಳು ಒತ್ತಿ ನೋಡಿ, ಬೆರಳಿಗೆ ಬಣ್ಣ ಬಂದರೆ ಅದು ಬೇಡ.

ಎರಡನೆಯದು, ಒಪ್ಪಿಗೆ. ನಿಮ್ಮ ಕಥೆಯಲ್ಲಿ ಅವ್ವ, ಅಣ್ಣ, ಗೆಳತಿ ಬರುತ್ತಾರೆ. ಅವರ ಪತ್ರ ಗೋಡೆಗೆ ಹೋಗುವ ಮೊದಲು ಅವರಿಗೆ ತೋರಿಸಿ ಕೇಳಿ. ಉದ್ಘಾಟನೆಯ ದಿನ ಹಾಲ್‌ನಲ್ಲಿ ತಿಳಿದರೆ ಆಗುವ ಜಗಳ ಮನೆತನಕ ಬರುತ್ತದೆ. ಆಧಾರ್ ನಂಬರು, ಫೋನ್ ನಂಬರು, ವಿಳಾಸ ಕಾಣದಂತೆ ಮುಚ್ಚಿ.

ಮೂರನೆಯದು, ಮುಟ್ಟಬಾರದ್ದು. ರಾಷ್ಟ್ರಧ್ವಜಕ್ಕೆ ಹೆಸರಾದ ಬೆಂಗೇರಿ, ಗರಗದ ಖಾದಿ ನಮ್ಮ ಹೆಮ್ಮೆ, ಆ ಬಟ್ಟೆ ಧಾರಾಳವಾಗಿ ಬಳಸಿ. ಆದರೆ ರಾಷ್ಟ್ರಧ್ವಜವನ್ನೇ ಕತ್ತರಿಸುವುದು, ಅದರ ಮೇಲೆ ಬರೆಯುವುದು ಕಾನೂನಿನ ತೊಂದರೆ ತರುತ್ತದೆ. ಚಲಾವಣೆಯ ನೋಟುಗಳನ್ನೂ ಅಂಟಿಸಲು ಹೋಗಬೇಡಿ.

## 3. ತಳ ಗಟ್ಟಿ ಮಾಡಿ

ತೆಳು ಕಾಗದ, ಫೋಟೊ ನಕಲು ಮಾತ್ರ ಇದ್ದರೆ ಬಿಗಿದ ಕ್ಯಾನ್ವಾಸ್ ಸಾಕು. ಕೀಲಿ, ಕಟ್ಟಿಗೆ, ಮಣ್ಣು ಇದ್ದರೆ ಪ್ಲೈವುಡ್ ಬೇಕು. ಕ್ಯಾನ್ವಾಸ್ ಅಲುಗಾಡುತ್ತದೆ. ಅಲುಗಾಡುವುದರ ಮೇಲೆ ಗಟ್ಟಿ ವಸ್ತು ನಿಲ್ಲುವುದಿಲ್ಲ.

ಪ್ಲೈವುಡ್ ಬಾಗಲು ಮುಖ್ಯ ಕಾರಣ, ಜನ ಮುಂದಿನ ಬದಿಗೆ ಮಾತ್ರ ಬಣ್ಣ ಹಚ್ಚುತ್ತಾರೆ. ಹಿಂಬದಿ ಗಾಳಿಯ ತೇವ ಕುಡಿಯುತ್ತದೆ, ಮುಂಬದಿ ಕುಡಿಯುವುದಿಲ್ಲ, ಹಲಗೆ ತಿರುಚುತ್ತದೆ. ಆದ್ದರಿಂದ ಎರಡೂ ಬದಿ ಮತ್ತು ನಾಲ್ಕೂ ಅಂಚಿಗೆ ಪ್ರೈಮರ್ ಹಚ್ಚಿ. ಒಣಗಿದ ಮೇಲೆ ಮುಂಬದಿಗೆ ಎರಡು ಕೋಟ್ ಜೆಸ್ಸೊ, ಅಂದರೆ ಚಿತ್ರದ ಬಣ್ಣ ಹಿಡಿಯಲು ಹಚ್ಚುವ ಬಿಳಿ ತಳಬಣ್ಣ. ದೊಡ್ಡ ಹಲಗೆ ಆದರೆ ಹಿಂದೆ ಕಟ್ಟಿಗೆಯ ಪಟ್ಟಿಯನ್ನು ಸ್ಕ್ರೂ ಹಾಕಿ ಕೂರಿಸಿ. ಎಂ.ಡಿ.ಎಫ್. (ಕಟ್ಟಿಗೆಯ ನಾರು ಒತ್ತಿ ಮಾಡಿದ ಹಲಗೆ) ಅಗ್ಗ ಎಂದು ಆಸೆಪಡಬೇಡಿ, ನೀರು ತಾಗಿದರೆ ಉಬ್ಬುತ್ತದೆ.

ಉಳಿದ ಉಪಕರಣಗಳು ಎಲ್ಲರ ಮನೆಯಲ್ಲೂ ಸಿಗುವಂಥವು: ದಪ್ಪ ಸೂಜಿ, ಮೇಣ ಹಚ್ಚಿದ ದಾರ, ಸಣ್ಣ ಡ್ರಿಲ್, ತಾಮ್ರದ ತಂತಿ, ಪಕ್ಕಡ, ಹಿಟ್ಟಿನ ಜರಡಿ, ಮರಳು ಕಾಗದ, ಭಾರಕ್ಕೆ ನಾಲ್ಕು ಇಟ್ಟಿಗೆ. ತೂಕ ನೋಡಲು ಕೊಕ್ಕೆಯ ತಕ್ಕಡಿ ಒಂದನ್ನು ಕೊಂಡುಕೊಳ್ಳಿ. ಅದು ಯಾಕೆ ಎಂಬುದು 8ನೇ ಹಂತದಲ್ಲಿದೆ.

## 4. ಅಂಟಿಸುವುದು, ಹೊಲಿಯುವುದು, ಕಟ್ಟುವುದು

ಜಾಸ್ತಿ ಕೆಲಸ ಕೆಡುವುದು ಈ ಹಂತದಲ್ಲೇ. ಎಲ್ಲದಕ್ಕೂ ಬಿಳಿ ಫೆವಿಕಾಲ್ ಸುರಿದರೆ ಆಯಿತು ಎಂಬ ನಂಬಿಕೆ ಇದಕ್ಕೆ ಕಾರಣ. ಫೆವಿಕಾಲ್ ಒಳ್ಳೆಯ ಅಂಟೇ, ಆದರೆ ಅದು ಕಟ್ಟಿಗೆ ಮತ್ತು ಕಾಗದದ ಅಂಟು. ಕಬ್ಬಿಣವನ್ನು ಅದು ಹಿಡಿಯುವುದಿಲ್ಲ. ಸಾದಾ ಬಿಳಿ ಅಂಟು ಒಣಗಿದ ಮೇಲೂ ತೇವಕ್ಕೆ ಮೆತ್ತಗಾಗುತ್ತದೆ.

ಕಾಗದ: ಆಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಆಕ್ರಿಲಿಕ್, ಅಂಟಿನಂತೆ ಹಿಡಿಯುತ್ತದೆ) ಉತ್ತಮ. ಕೆಳಗೊಂದು ಪದರ, ಮೇಲೊಂದು ಪದರ ಹಚ್ಚಿ, ಮಧ್ಯದಿಂದ ಅಂಚಿಗೆ ಬೆರಳಲ್ಲಿ ಗಾಳಿ ತಳ್ಳಿ. ಸುದ್ದಿಪತ್ರಿಕೆಯ ಕಾಗದ ಬೆಳಕಿಗೆ ಹಳದಿಯಾಗಿಯೇ ಆಗುತ್ತದೆ, ಯಾವ ಅಂಟೂ ಅದನ್ನು ತಡೆಯುವುದಿಲ್ಲ. ಹಳದಿಯಾಗುವುದು ನಿಮ್ಮ ಕಥೆಗೆ ಬೇಕಿದ್ದರೆ ಸರಿ, ಬೇಡವಾದರೆ ಒಳ್ಳೆಯ ಕಾಗದದ ಮೇಲೆ ನಕಲು ತೆಗೆಸಿ.

ಬಟ್ಟೆ: ಅಂಟಿಸಬೇಡಿ, ಹೊಲಿಯಿರಿ. ಖಣವನ್ನು ಅಂಟಿಸಿದರೆ ಅಂಟು ನೇಯ್ಗೆಯೊಳಗಿಂದ ಮೇಲೆ ಬಂದು ಹೊಳೆಯುವ ಕಲೆ ಬೀಳುತ್ತದೆ. ಇಳಕಲ್ ಸೆರಗಿಗೂ ಇದೇ ಗತಿ. ಪ್ಲೈವುಡ್‌ಗೆ ಸಾಲಾಗಿ ಸಣ್ಣ ತೂತು ಕೊರೆದು ಕೌದಿಯ ಹೊಲಿಗೆ ಹಾಕಿ. ನಮ್ಮ ಕಡೆಯ ಅಜ್ಜಿಯರಿಗೆ ಇದು ಹೇಳಿಕೊಡಬೇಕಾಗಿಲ್ಲ. ನಿಜ ಹೇಳಬೇಕೆಂದರೆ, ನಾನು ಕೊಲಾಜ್ (ತುಂಡು ತುಂಡು ಕೂಡಿಸಿ ಚಿತ್ರ ಮಾಡುವುದು) ಕಲಿತದ್ದು ನಮ್ಮವ್ವ ಕೌದಿ ಹೊಲಿಯುವುದನ್ನು ನೋಡಿ. ಹಳೇ ಬಟ್ಟೆಗೆ ಬಣ್ಣ ಬಿಡುವ ಗುಣ ಇರುತ್ತದೆ. ಮೊದಲು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಪರೀಕ್ಷೆ ಮಾಡಿ.

ಕೀಲಿ, ಗುಂಡಿ, ಲೋಹ: ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ, ಒರೆಸಿ, ವಾರ್ನಿಶ್ ಹಚ್ಚಿ. ಆಮೇಲೆ ಹಲಗೆಗೆ ಎರಡು ತೂತು ಹಾಕಿ ತಾಮ್ರದ ತಂತಿಯಿಂದ ಹಿಂದೆ ಕಟ್ಟಿ. ಕಟ್ಟಿದ್ದು ಬೀಳುವುದಿಲ್ಲ. ಕಟ್ಟಲಾಗದ ಕಲ್ಲು, ಗಾಜಿಗೆ ಎರಡು ಟ್ಯೂಬು ಕಲಸುವ ಎಪಾಕ್ಸಿ ಬಳಸಿ. ಫೆವಿಕ್ವಿಕ್ ಬೇಡವೇ ಬೇಡ. ಅದು ಪೆಡಸು, ಗಾಡಿಯಲ್ಲಿ ಒಂದು ಜರ್ಕಿಗೆ ಬಿಟ್ಟುಬಿಡುತ್ತದೆ. ಸುತ್ತಲೂ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ.

ಮಣ್ಣು: ಧಾರವಾಡದ ಪಶ್ಚಿಮಕ್ಕೆ ಕೆಂಪು ಮಣ್ಣು, ನವಲಗುಂದ, ಗದಗಿನ ಕಡೆ ಎರೆ ಮಣ್ಣು. ಎರಡರ ಬಣ್ಣವೂ ಬಿಸಿಲಿಗೆ ಮಾಸುವುದಿಲ್ಲ, ಗುಣ ಮಾತ್ರ ಬೇರೆ ಬೇರೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಯ ಎತ್ತು ಎರಡು ದಿನಕ್ಕೆ ಬಿರುಕು ಬಿಡುವುದನ್ನು ನೋಡಿದ್ದೀರಲ್ವಾ? ಬಿರುಕು ಬೇಡವಾದರೆ ಒಣ ಮಣ್ಣನ್ನು ಜರಡಿ ಹಿಡಿದು, ಆಕ್ರಿಲಿಕ್ ಮೀಡಿಯಂನಲ್ಲಿ ಕಲಸಿ, ಸಾರಣೆಯಷ್ಟು ತೆಳುವಾಗಿ ಪದರ ಪದರವಾಗಿ ಹಚ್ಚಿ. ಬಿರುಕೇ ಬೇಕಿದ್ದರೆ ಗಟ್ಟಿ ಹಲಗೆಯ ಮೇಲೆ ದಪ್ಪಗೆ ಮೆತ್ತಿ, ನೆರಳಲ್ಲಿ ಪೂರ್ತಿ ಬಿರಿಯಲು ಬಿಡಿ. ಆಮೇಲೆ ನೀರು ಬೆರೆಸಿದ ಮೀಡಿಯಂ ಅನ್ನು ಬಿರುಕುಗಳೊಳಗೆ ಹನಿ ಹನಿಯಾಗಿ ಇಳಿಸಿ. ಬ್ರಷ್ ಎಳೆದರೆ ಮಣ್ಣೇ ಎದ್ದುಬರುತ್ತದೆ.

ಅಡುಗೆಮನೆ ಬಣ್ಣ: ಬ್ಯಾಡಗಿ ಮೆಣಸಿನಕಾಯಿ ಪುಡಿಯ ಕೆಂಪು ಯಾರನ್ನೂ ಮರುಳು ಮಾಡುತ್ತದೆ. ಹಾವೇರಿಯ ಒಬ್ಬ ಗೆಳೆಯ ಅದರಲ್ಲೇ ಇಡೀ ಸರಣಿ ಮಾಡಿದ. ವರ್ಷದೊಳಗೆ ಅದು ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಅರಿಶಿನ ಅದಕ್ಕಿಂತ ಬೇಗ ಮಾಸುತ್ತದೆ. ಮೇಲಾಗಿ ಪುಡಿಗೆ ಹುಳ ಬೀಳುತ್ತದೆ. ಆ ಕೆಂಪು ಬೇಕಿದ್ದರೆ ಆಕ್ರಿಲಿಕ್‌ನಲ್ಲಿ ಕಲಸಿಕೊಳ್ಳಿ, ಮೆಣಸಿನಕಾಯಿ ಊಟಕ್ಕಿರಲಿ.

ಜೋಳದ ತೆನೆ, ಎಲೆ, ಬೀಜ: ಪೂರ್ತಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಫ್ರಿಜ್ಜಿನ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಒಳಗಿನ ಹುಳ, ಮೊಟ್ಟೆ ಸಾಯುತ್ತವೆ. ಹೊರಗೆ ತೆಗೆದ ಮೇಲೂ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತೆನೆಯ ಮೇಲೆ ನೀರು ಕೂರುತ್ತದೆ. ಇದಕ್ಕೆ ಮನೆಯವರನ್ನು ಒಪ್ಪಿಸುವುದು ನಿಮಗೆ ಬಿಟ್ಟದ್ದು.

ಇನ್ನು ಬಣ್ಣದ ಕ್ರಮ. ಆಕ್ರಿಲಿಕ್ ಮೇಲೆ ಆಯಿಲ್ ಬಣ್ಣ ನಡೆಯುತ್ತದೆ. ಆಯಿಲ್ ಮೇಲೆ ಆಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆ ಏಳುತ್ತದೆ. ಪೋಸ್ಟರ್ ಕಲರ್ ಮೇಲೆ ಹಸಿ ಅಂಟು ಹಚ್ಚಿದರೆ ಬಣ್ಣ ಕರಗುತ್ತದೆ. ಒಂದೊಂದು ಪದರವಾದ ಮೇಲೂ ಭಾರ ಇಟ್ಟು ಒಂದು ದಿನ ಬಿಡಿ. ಮುಟ್ಟಿದರೆ ಕೈಗೆ ಅಂಟುವುದಿಲ್ಲ ಎಂದ ಮಾತ್ರಕ್ಕೆ ಒಣಗಿದೆ ಎಂದಲ್ಲ. ಕೆನ್ನೆಗೆ ಹಿಡಿದು ನೋಡಿ, ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ.

## 5. ಮಳೆಗಾಲಕ್ಕೆ ಒಪ್ಪಿಸಿ

ಮೇ ಕೊನೆಗೆ ಪ್ರತಿ ಕೆಲಸದ ಫೋಟೊ ತೆಗೆಯಿರಿ. ಆಮೇಲೆ ಮನೆಯ ಒಳಗೋಡೆಗೆ, ನೀರು ಸಿಡಿಯದ ಕಡೆ, ನೆಟ್ಟಗೆ ತೂಗುಹಾಕಿ. ಕೆಳಗೆ ಹಳೆ ಪೇಪರ್ ಹಾಸಿ. ವಾರಕ್ಕೊಮ್ಮೆ ಪೇಪರ್ ನೋಡಿ. ಏನು ಬಿದ್ದಿದೆಯೋ ಅದು ನಿಮ್ಮ ರಿಪೇರಿ ಪಟ್ಟಿ. ಹಿಂದಿನಿಂದ ಅಂಗೈಯಲ್ಲಿ ಎರಡು ಏಟು ತಟ್ಟಿ, ರೊಟ್ಟಿ ಬಡಿದಷ್ಟು ಸಾಕು.

ಕರಿ ಚುಕ್ಕೆ ಎಂದರೆ ಬೂಸಲು, ಗಾಳಿ ಸಾಲುತ್ತಿಲ್ಲ. ಹಿಟ್ಟಿನಂಥ ಪುಡಿ ಎಂದರೆ ಹುಳ. ಮಣ್ಣಿನ ಗೆರೆ ಎಂದರೆ ಗೆದ್ದಲು, ಆ ಗೋಡೆ ಕೂಡಲೇ ಬದಲಿಸಿ.

ನನ್ನ ಮೊದಲ ಪ್ರದರ್ಶನ ಆಗಸ್ಟ್‌ನಲ್ಲಿತ್ತು. ಜೂನ್‌ನಲ್ಲಿ ಅಂಟಿಸಿದ್ದೆ. ಉದ್ಘಾಟಕರು ಭಾಷಣ ಮಾಡುವಾಗ ಅವರ ಹಿಂದೆ ನಮ್ಮವ್ವನ ಸೀರೆಯ ತುಂಡು ನಿಧಾನವಾಗಿ ಕಳಚಿ, ಜೋತು, ಬಿತ್ತು. ಜನ ಅದನ್ನೂ ಕಲೆಯ ಭಾಗ ಎಂದುಕೊಂಡು ಚಪ್ಪಾಳೆ ತಟ್ಟಿದರು.

## 6. ಈಗ ಹಾಲ್ ನೋಡಿ

ಜುಲೈ, ಆಗಸ್ಟ್‌ನಲ್ಲಿ ಯಾವ ಕೆಲಸ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಗೊತ್ತಾಗಿರುತ್ತದೆ. ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿ, ಕಲಾ ಕಾಲೇಜುಗಳ ಗ್ಯಾಲರಿ, ಸಂಘ ಸಂಸ್ಥೆಗಳ ಸಭಾಭವನ, ಯಾವುದೇ ಇರಲಿ, ಅರ್ಜಿ ಬರೆಯುವ ಮೊದಲು ಟೇಪು ಹಿಡಿದು ಹೋಗಿ. ದಿನದಲ್ಲಿ ನಿಮ್ಮ ಪ್ರದರ್ಶನ ತೆರೆದಿರುವ ಹೊತ್ತಿನಲ್ಲೇ ಹೋಗಿ.

ಅಲ್ಲಿ ಕೇಳಬೇಕಾದ್ದು: ಮೊಳೆ ಹೊಡೆಯಬಹುದೇ, ಅಥವಾ ಮೇಲಿನ ಪಟ್ಟಿಯಿಂದ ಇಳಿಬಿಡಬೇಕೇ? ಕೆಲವು ಹಳೆ ಕಟ್ಟಡಗಳ ಸುಣ್ಣದ ಗೋಡೆ ಮೊಳೆಗೆ ಉದುರುತ್ತದೆ. ಕರೆಂಟು ಹೋದರೆ ಏನು? ಮಧ್ಯಾಹ್ನದ ಬಿಸಿಲು ಯಾವ ಗೋಡೆಗೆ ಬೀಳುತ್ತದೆ? ರಾತ್ರಿ ಕೀಲಿ ಯಾರ ಹತ್ತಿರ? ವಯಸ್ಸಾದವರು ಮೆಟ್ಟಿಲು ಹತ್ತಬೇಕಾ? ಉತ್ತರಗಳನ್ನು ಬರೆದುಕೊಳ್ಳಿ, ನೆನಪಿನ ಮೇಲೆ ಬಿಡಬೇಡಿ.

ಗೋಡೆಯ ಲೆಕ್ಕ ಸುಲಭ. ಗೋಡೆ 9 ಮೀಟರ್, ಅಂದರೆ 900 ಸೆಂ.ಮೀ. ಒಂದೊಂದು ಕೆಲಸದ ಅಗಲ 90, ನಡುವೆ 60, ಎರಡೂ ತುದಿಗೆ 60 ಬಿಡಿ. ಐದು ಕೆಲಸಕ್ಕೆ 450, ಆರು ಖಾಲಿ ಜಾಗಕ್ಕೆ 360, ಒಟ್ಟು 810. ಆರನೆಯದು ಹಿಡಿಸುವುದಿಲ್ಲ. "ಸ್ವಲ್ಪ ಸರಿಸಿದರೆ ಹಿಡಿಸುತ್ತದೆ" ಎನ್ನುವವರ ಮಾತು ಕೇಳಬೇಡಿ. ಹಿಡಿಸುವುದಕ್ಕೆ ಅದು ಸಂತೆಯಲ್ಲ.

## 7. ಆಯ್ಕೆ ಮತ್ತು ಸಾಲು

ಕೆಲಸಗಳ ಫೋಟೊಗಳನ್ನು ಸಣ್ಣದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಒಂದೇ ಮಾತು ಹೇಳುವ ಎರಡಿದ್ದರೆ ಒಂದು ತೆಗೆಯಿರಿ. ಕಷ್ಟಪಟ್ಟು ಮಾಡಿದ್ದು ಎಂಬ ಕಾರಣಕ್ಕೆ ಯಾವುದನ್ನೂ ಉಳಿಸಬೇಡಿ.

ಬೆಳವಣಿಗೆಯ ಕಥೆ ಎಂದರೆ ತೊಟ್ಟಿಲಿನಿಂದ ಇವತ್ತಿನವರೆಗೆ ಸಾಲಾಗಿ ಇಡಬೇಕು ಎಂದೇನಿಲ್ಲ. ಆ ನವಲಗುಂದದ ಹುಡುಗಿ ಬಾಗಿಲಲ್ಲೇ ಇತ್ತೀಚಿನ ಹೆಸರಿನ ಕೆಲಸ ಇಟ್ಟಳು. ನೋಡುವವರು ಒಳಗೆ ಹೋದಂತೆ ಹೆಸರು ಹಳೆಯದಾಗುತ್ತಿತ್ತು. ಕೊನೆಯ ಗೋಡೆಯ ಮೇಲೆ ಮನೆಯ ಹೆಸರು ಮಾತ್ರ, ಅವಳ ಅವ್ವನಿಂದಲೇ ಕಸೂತಿಯಲ್ಲಿ ಹಾಕಿಸಿದ್ದು. ಅದರ ಸುತ್ತ ದೊಡ್ಡ ಖಾಲಿ ಜಾಗ.

ಎಚ್ಚರಿಕೆಯ ಗುರುತು: ಸಾಲನ್ನು ಬೇರೆಯವರಿಗೆ ತೋರಿಸುವಾಗ ನೀವು ನಿಲ್ಲಿಸದೆ ವಿವರಿಸುತ್ತಿದ್ದರೆ ಸಾಲು ಸರಿಯಿಲ್ಲ.

## 8. ಫ್ರೇಮ್ ಮತ್ತು ಸಾಗಾಟ

ಉಬ್ಬು ಇರುವ ಕೆಲಸಕ್ಕೆ ಡಬ್ಬಿಯಂತೆ ಆಳ ಇರುವ ಫ್ರೇಮ್ ಮಾಡಿಸಿ. ಗಾಜು ಹಾಕುವುದಾದರೆ ಅದು ಚಿತ್ರಕ್ಕೆ ತಾಗಬಾರದು, ತೇವಕ್ಕೆ ಅಂಟಿಕೊಳ್ಳುತ್ತದೆ. ಫ್ರೇಮಿನವರಿಗೆ ಬಾಯಲ್ಲಿ ಹೇಳಿ ಬರಬೇಡಿ, ಆಳ ಎಷ್ಟು ಎಂದು ಬರೆದು ಕೊಡಿ.

ಈಗ ಕೊಕ್ಕೆ ತಕ್ಕಡಿ ತೆಗೆಯಿರಿ. ಪ್ರತಿ ಕೆಲಸ ತೂಗಿ, ಹಿಂದೆ ಬರೆಯಿರಿ. ಅದರ ಎರಡರಷ್ಟು ತೂಕ ತಡೆಯುವ ತಂತಿ ಮತ್ತು ಕೊಕ್ಕೆ ಬೇಕು. ಸುತಳಿ, ನೈಲಾನ್ ಹಗ್ಗ ಬೇಡ, ಹಿಗ್ಗುತ್ತವೆ.

ಹುಬ್ಬಳ್ಳಿಯಿಂದ ಧಾರವಾಡ 20 ಕಿ.ಮೀ. ಅಷ್ಟೇ ಅಲ್ವಾ ಎಂದು ನಾನೊಮ್ಮೆ ಹಲಗೆ ಹಿಡಿದು ಚಿಗರಿ ಬಸ್ ಹತ್ತಲು ಹೋಗಿದ್ದೆ. ಅದು ಬೇರೆ ಕಥೆ. ಸಣ್ಣ ಗೂಡ್ಸ್ ಗಾಡಿ ಮಾಡಿ. ಕೆಲಸಗಳನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡಿ. ಮುಖಕ್ಕೆ ಮೊದಲು ಬಟರ್ ಪೇಪರ್, ಆಮೇಲೆ ಗುಳ್ಳೆ ಪ್ಲಾಸ್ಟಿಕ್. ಗುಳ್ಳೆ ಪ್ಲಾಸ್ಟಿಕ್ ನೇರ ಸುತ್ತಿದರೆ ಬಿಸಿಲಿಗೆ ಆಕ್ರಿಲಿಕ್ ಮೇಲೆ ಗುಂಡು ಗುಂಡು ಗುರುತು ಉಳಿಯುತ್ತದೆ.

## 9. ತೂಗುಹಾಕುವುದು, ಬೆಳಕು

ಕೆಲಸದ ನಡುಮಧ್ಯ ನೆಲದಿಂದ ಸುಮಾರು 150 ಸೆಂ.ಮೀ. ಎತ್ತರಕ್ಕೆ ಬರಬೇಕು. ಕೊಕ್ಕೆ ಎಲ್ಲಿ ಎಂಬುದಕ್ಕೆ ಹೀಗೆ ಲೆಕ್ಕ ಹಾಕಿ: 150ಕ್ಕೆ ಕೆಲಸದ ಅರ್ಧ ಎತ್ತರ ಕೂಡಿಸಿ. ತಂತಿಯನ್ನು ಎರಡು ಬೆರಳಲ್ಲಿ ಎತ್ತಿ ಬಿಗಿ ಹಿಡಿದಾಗ ಅದರಿಂದ ಫ್ರೇಮಿನ ಮೇಲಂಚಿಗೆ ಎಷ್ಟು ಅಂತರವೋ ಅಷ್ಟು ಕಳೆಯಿರಿ. ಎತ್ತರ 90, ಅಂತರ 12 ಆದರೆ 150 + 45 − 12 = 183 ಸೆಂ.ಮೀ. ಒಂದರ ಬದಲು ಎರಡು ಕೊಕ್ಕೆ ಹಾಕಿದರೆ ಫ್ರೇಮ್ ಓರೆಯಾಗುವುದಿಲ್ಲ.

ಉಬ್ಬು ಕೆಲಸಕ್ಕೆ ನೆರಳೇ ಜೀವ. ಟ್ಯೂಬ್‌ಲೈಟ್ ಎಲ್ಲವನ್ನೂ ಚಪ್ಪಟೆ ಮಾಡುತ್ತದೆ. ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಲ್ಲಿ ಬೀಳುವ ಎಲ್‌ಇಡಿ ಸ್ಪಾಟ್ ಇಡಿ. ಒಂದು ಪೂರ್ತಿ ದಿನ ಇದಕ್ಕೇ ಮೀಸಲಿಡಿ. ಉದ್ಘಾಟನೆಯ ಬೆಳಿಗ್ಗೆ ಏಣಿ ಹತ್ತಿದವರ ಲೇಬಲ್‌ಗಳು ಓರೆಯಾಗಿಯೇ ಇರುತ್ತವೆ.

## 10. ಲೇಬಲ್ ಮತ್ತು ಬರಹ

ಹೆಸರು, ವರ್ಷ, ಮಾಧ್ಯಮ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಮಾಧ್ಯಮವನ್ನು "ಮಿಶ್ರ ಮಾಧ್ಯಮ" ಎಂದು ಮುಗಿಸಬೇಡಿ. "ಖಣ, ಎರೆ ಮಣ್ಣು, ಉತಾರದ ನಕಲು, ಪ್ಲೈವುಡ್" ಎಂದು ಬರೆದರೆ ನೋಡುವವರು ಒಂದು ಹೆಜ್ಜೆ ಹತ್ತಿರ ಬರುತ್ತಾರೆ. ಬೆಲೆಗೆ ಬೇರೆ ಹಾಳೆ ಇರಲಿ.

ಬಾಗಿಲ ಬಳಿಯ ಬರಹ 150 ಶಬ್ದ ದಾಟಬಾರದು. ಬರೆದ ಮೇಲೆ ಚಿತ್ರಕಲೆ ಗೊತ್ತಿಲ್ಲದ ಅತ್ತೆಗೋ ಮಾವನಿಗೋ ಓದಿ ಹೇಳಿ. ಅವರು ಎಲ್ಲಿ ಬೇರೆ ಕಡೆ ನೋಡುತ್ತಾರೋ ಆ ವಾಕ್ಯ ತೆಗೆಯಿರಿ.

## 11. ಪ್ರದರ್ಶನದ ದಿನಗಳು

ವೇದಿಕೆ, ಹಾರ, ಆರು ಭಾಷಣ ಇದ್ದರೆ ಜನ ಒಂದು ತಾಸು ಚಿತ್ರಗಳಿಗೆ ಬೆನ್ನು ಹಾಕಿ ಕೂರುತ್ತಾರೆ. ಇಬ್ಬರು ಮಾತಾಡಲಿ, ನಿಂತುಕೊಂಡೇ. ಗಿರ್ಮಿಟ್, ಮಿರ್ಚಿ ಹಾಲ್‌ನ ಹೊರಗೆ ಕೊಡಿ, ಕೈ ತೊಳೆಯಲು ನೀರಿಡಿ. ಕೌದಿ ಕಂಡರೆ ನಮ್ಮ ಜನ ಮುಟ್ಟದೆ ಬಿಡುವುದಿಲ್ಲ. ಫಲಕ ಹಾಕಿ ಪ್ರಯೋಜನವಿಲ್ಲ. ಮುಟ್ಟುವುದಕ್ಕೆಂದೇ ಒಂದು ತುಂಡು ಮೇಜಿನ ಮೇಲೆ ಇಟ್ಟರೆ ಗೋಡೆಯ ಮೇಲಿನದು ಉಳಿಯುತ್ತದೆ.

ದಿನವೂ ಬಾಗಿಲು ತೆಗೆಯುವ ಮೊದಲು ಒಂದು ಸುತ್ತು ಹಾಕಿ ನೆಲ ನೋಡಿ. ಸೂಜಿ, ದಾರ, ತಂತಿ, ಎಪಾಕ್ಸಿ, ಆಯಾ ಕೆಲಸದ ಬಣ್ಣ ಒಂದು ಡಬ್ಬಿಯಲ್ಲಿ ಜೊತೆಗಿರಲಿ.

## 12. ಇಳಿಸುವುದು

ಮಾರಾಟವಾದ ಕೆಲಸದ ಜೊತೆ ಒಂದು ಚೀಟಿ ಕೊಡಿ: ಏನೇನು ಬಳಸಿದೆ, ಬಿಸಿಲಿಗೆ ಹಾಕಬೇಡಿ, ಒದ್ದೆ ಬಟ್ಟೆಯಿಂದ ಒರೆಸಬೇಡಿ. ಉಳಿದವನ್ನು ನೆಲದಿಂದ ಒಂದು ಇಟ್ಟಿಗೆ ಎತ್ತರದಲ್ಲಿ, ಗೋಡೆಗೆ ತಾಗದಂತೆ, ಹಳೆ ಹತ್ತಿ ಬಟ್ಟೆ ಹೊದಿಸಿ ನಿಲ್ಲಿಸಿ ಇಡಿ. ಪ್ಲಾಸ್ಟಿಕ್ ಸುತ್ತಿ ಕಟ್ಟಿಟ್ಟರೆ ಮುಂದಿನ ಜುಲೈಗೆ ಬೂಸಲು ಖಚಿತ.

ಹಾಲ್‌ನ ಕೀಲಿ ವಾಪಸ್ ಕೊಡುವ ಮೊದಲು ಗೋಡೆಯ ತೂತುಗಳಿಗೆ ಪುಟ್ಟಿ ತುಂಬಿ, ಒರೆಸಿ, ಒಂದು ಫೋಟೊ ತೆಗೆದುಕೊಳ್ಳಿ.